ಬೊಳ್ಳುವಿನ ಡಾಕ್ಟ್ರಮ್ಮ

ನಮ್ಮ ಬಡಾವಣೆಯ ಪಶುವೈದ್ಯೆಯೊಬ್ಬರು ಮನೆಯಲ್ಲಿಲ್ಲದ ಹೊತ್ತು ನೋಡಿ, ಅವರ ಗೇಟು ತೆರೆದು, ಕಾಯಿಲೆಯಿಂದ ಸೊರಗಿ ಮಲಗಿದ್ದ ಅವರ ನಾಯಿಯನ್ನು ಗೋಣಿಚೀಲಕ್ಕೆ ತುಂಬಿ, ಪಿಕಪ್ಪಿನಲ್ಲಿ ಒಯ್ದು ಬೇರೊಂದು ಊರಿನಲ್ಲಿ ಬಿಟ್ಟು ಬರಲಾಯಿತು. ಒಯ್ದವರು ಕಳ್ಳರಾಗಿರಲಿಲ್ಲ. ನಮ್ಮ ಬಡಾವಣೆಯ ನಿವಾಸಿಗಳ ಸಂಘದ ಪದಾಧಿಕಾರಿಗಳಾಗಿದ್ದರು. ಆ ಪಶುವೈದ್ಯೆ ಈಗ ಬದುಕಿಲ್ಲ. ಸಂತಾಪ ಸಭೆಯಲ್ಲಿ ಅವರನ್ನು ‘ಅಪ್ಪಟ ಪ್ರಾಣಿಪ್ರೇಮಿ’ ಎಂದು ಹೊಗಳಿದವರಲ್ಲಿ ಒಬ್ಬರೂ ಆ ನಾಯಿಯ ಮಾತೆತ್ತಲಿಲ್ಲ. ನಾನು ಎತ್ತಲು ಎದ್ದು ನಿಂತಾಗ, ಸಮಯದ ಅಭಾವವೆಂದು ಹೇಳಿ ಮೌನಾಚರಣೆ ಆರಂಭಿಸಿದರು. ಮೌನ ಮುಗಿದ ಮೇಲೆ ಚಹಾಕ್ಕೂ ಅಂಬಡೆಗೂ ಸಮಯ ಧಾರಾಳವಾಗಿತ್ತು.

ಬಂಟ್ವಾಳದ ನ್ಯಾಯಾಲಯದಲ್ಲಿ ಶಿರಸ್ತೇದಾರಳಾಗಿ ನಿವೃತ್ತಳಾದವಳು ನಾನು. ಯಾರು ಏನು ಹೇಳಿದರು, ಯಾವುದರ ನಂತರ ಯಾವುದನ್ನು ಹೇಳಿದರು ಎಂಬುದನ್ನು ನೆನಪಿಟ್ಟುಕೊಳ್ಳುವುದು ನನ್ನ ವೃತ್ತಿಯಾಗಿತ್ತು. ನಿವೃತ್ತಿಯ ನಂತರ ಅದು ದುರಭ್ಯಾಸವಾಗಿದೆಯೆಂದು ಮನೆಯವರು ಹೇಳುತ್ತಾರೆ. ಇರಲಿ. ಸಭೆಯಲ್ಲಿ ಆಡಲಾಗದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾವಿಬ್ಬರೂ ಬೆಳ್ತಂಗಡಿಯ ಪಕ್ಕದ ಲಾಯಿಲದಲ್ಲಿ ನೆರೆಹೊರೆಯವರು. ನನ್ನ ಅಡುಗೆಮನೆಯ ಕಿಟಕಿಯಿಂದ ಅವರ ಜಗಲಿ ಕಾಣುತ್ತಿತ್ತು. ಅವರು ನನ್ನನ್ನು ಅಕ್ಕ ಎನ್ನುತ್ತಿದ್ದರು, ನಾನು ಅವರನ್ನು ಡಾಕ್ಟ್ರೇ ಎನ್ನುತ್ತಿದ್ದೆ. ಬಡಾವಣೆಯವರು ಎದುರಿಗೆ ಡಾಕ್ಟ್ರಮ್ಮ ಎಂದೂ ಹಿಂದಿನಿಂದ ‘ದನದ ಡಾಕ್ಟ್ರು’ ಎಂದೂ ಕರೆಯುತ್ತಿದ್ದರು. ಸಂಘದ ವಾರ್ಷಿಕೋತ್ಸವದಲ್ಲಿ ಬಡಾವಣೆಯ ವೈದ್ಯರಿಗೆಲ್ಲ ಶಾಲು ಹೊದಿಸಿದರು. ಹಲ್ಲಿನವರಿಗೆ ಹೊದಿಸಿದರು, ಕಣ್ಣಿನವರಿಗೆ ಹೊದಿಸಿದರು, ಇನ್ನೂ ಓದು ಮುಗಿಸದ ಒಬ್ಬ ಹುಡುಗಿಗೂ ಹೊದಿಸಿದರು. ಸರಕಾರಿ ಸೇವೆಯಲ್ಲಿ ಜೀವಮಾನ ಕಳೆದ ಇವರು ಮೂರನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು. ಮಾರನೆಯ ಬೆಳಿಗ್ಗೆ ಅಧ್ಯಕ್ಷರ ಮನೆಯ ಪೊಮೆರೇನಿಯನ್ ನಾಯಿ ವಾಂತಿ ಮಾಡಿಕೊಂಡಾಗ ಅವರ ಕಾರು ಬಂದು ನಿಂತದ್ದು ಇವರ ಗೇಟಿನೆದುರು.

“ಹೋಗ್ಬೇಡಿ ಡಾಕ್ಟ್ರೇ, ಹಲ್ಲಿನವರನ್ನು ಕರೀಲಿ” ಎಂದೆ.

“ಆ ನಾಯಿ ಎಂತ ಮಾಡಿತ್ತು ಅಕ್ಕ ನನಗೆ?” ಎಂದು ಚಪ್ಪಲಿ ಮೆಟ್ಟಿಕೊಂಡರು.

ಅವರು ಅದನ್ನು ಮರೆತರು. ಮರೆಯುವುದು ಅವರ ಸ್ವಭಾವವಾಗಿತ್ತು. ನನ್ನದಲ್ಲ.

ಯಾವ ಪ್ರಾಣಿಯನ್ನು ಮುಟ್ಟುವ ಮೊದಲೂ ಅವರು ಎರಡು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮುಂಗೈಯನ್ನು ಅದರ ಮೂಗಿನ ಹತ್ತಿರ ಹಿಡಿದು ಕಾಯುತ್ತಿದ್ದರು. ಅದು ಮೂಸಿ ಒಪ್ಪಿದ ಮೇಲೆಯೇ ಕೈ ಮುಂದುವರಿಯುತ್ತಿತ್ತು. ನನ್ನ ಮೊಮ್ಮಗಳು ಹುಟ್ಟಿದಾಗ ನೋಡಲು ಬಂದವರು ತೊಟ್ಟಿಲ ಬಳಿಯೂ ಹಾಗೆಯೇ ಕೈ ಹಿಡಿದು ನಿಂತದ್ದನ್ನು ಕಂಡು ನನ್ನ ಸೊಸೆ ನಗು ತಡೆಯಲಾರದೆ ಒಳಗೆ ಹೋದಳು. ಮಾತನಾಡುತ್ತಿರುವಾಗ ಹತ್ತಿರ ನಾಯಿಯೊಂದು ಬಂದು ಕುಳಿತರೆ, ಮಾತು ನಿಲ್ಲಿಸದೆಯೇ ಅವರ ಬೆರಳುಗಳು ಅದರ ಕಿವಿಯ ಮಡಿಕೆಗಳಲ್ಲಿ, ಕಾಲ್ಬೆರಳುಗಳ ಸಂದಿಯಲ್ಲಿ ಓಡಾಡುತ್ತಿದ್ದವು. ಉಣ್ಣಿ ಸಿಕ್ಕಿದರೆ ಬುಡದಲ್ಲಿ ಹಿಡಿದು ನೆಟ್ಟಗೆ ಎಳೆದು, ಬ್ಯಾಗಿನಲ್ಲಿದ್ದ ಸ್ಪಿರಿಟ್ಟಿನ ಪುಟ್ಟ ಬಾಟಲಿಗೆ ಹಾಕುತ್ತಿದ್ದರು. ಸಂಘದ ಕಾರ್ಯದರ್ಶಿಗಳ ಗೃಹಪ್ರವೇಶದಲ್ಲಿ, ಎಲೆ ಹಾಕಿ ಬಡಿಸಲು ಶುರುಮಾಡಿದ ಹೊತ್ತಿನಲ್ಲಿ, ಅಂಗಳದ ನಾಯಿಯೊಂದಕ್ಕೆ ಈ ಸೇವೆ ನಡೆಯಿತು. ಕಾರ್ಯದರ್ಶಿಗಳ ಪತ್ನಿ ಎಲೆಯ ಮುಂದಿನಿಂದ ಎದ್ದೇಬಿಟ್ಟರು.

“ಊಟದ ಹೊತ್ತಿಗೆ ಅದೆಂತ ಮಾರಾಯ್ರೆ?”

“ನಾವು ಊಟ ಮಾಡುವಾಗ ಅದೂ ಊಟ ಮಾಡ್ತಾ ಇತ್ತು ಅಷ್ಟೇ” ಎಂದು ಇವರು ಕೈ ತೊಳೆಯಲು ಹೋದರು.

ವಿಟ್ಲದ ಕಡೆ ಮೊದಲ ನೇಮಕವಾದಾಗಿನ ಪ್ರಸಂಗವೊಂದನ್ನು ಆಗಾಗ ಹೇಳುತ್ತಿದ್ದರು. ಹಸುವೊಂದಕ್ಕೆ ಕರು ಅಡ್ಡ ಸಿಕ್ಕಿಕೊಂಡಿತ್ತು. ಮನೆಯ ಯಜಮಾನರು ಇವರನ್ನು ಅಂಗಳದಲ್ಲೇ ತಡೆದು, “ಹೆಂಗಸಿನ ಕೈಯಲ್ಲಿ ಆಗುವ ಕೆಲಸ ಅಲ್ಲ ಇದು, ಗಂಡಸರು ಯಾರಾದ್ರೂ ಇದ್ರೆ ಕಳಿಸಿ” ಎಂದರಂತೆ. “ಹೆರುವ ಕೆಲಸ ನಿಮಗೆ ಗೊತ್ತುಂಟಾ ಹಾಗಾದ್ರೆ?” ಎಂದು ಕೇಳಿ, ತೋಳಿಗೆ ಸೋಪು ಹಚ್ಚಿಕೊಂಡು ಹಟ್ಟಿಗೆ ನಡೆದರಂತೆ. ಕರು ಬದುಕಿತೇ ಎಂದು ಕೇಳಿದ್ದಕ್ಕೆ, “ಇಲ್ಲ ಅಕ್ಕ, ತಡ ಆಗಿತ್ತು. ಹಸು ಬದುಕಿತು” ಎಂದರು. ಬೇರೆಯವರಾಗಿದ್ದರೆ ಕರುವನ್ನೂ ಬದುಕಿಸಿ ಕಥೆ ಹೇಳುತ್ತಿದ್ದರು. ಇದ್ದದ್ದಕ್ಕಿಂತ ಒಂದು ಎಳೆಯಷ್ಟೂ ಹೆಚ್ಚು ಹೇಳದ ಈ ಗುಣವೇ ಮುಂದೆ ಅವರಿಗೆ ಮುಳುವಾಯಿತು.

ಡಾಕ್ಟ್ರ ನಾಯಿಯ ಹೆಸರು ಬೊಳ್ಳು, ಎಂದರೆ ತುಳುವಿನಲ್ಲಿ ಬಿಳಿಯ ಬಣ್ಣದ್ದು. ಜಾತಿಯಿಲ್ಲದ ಊರುನಾಯಿ. ಚಾರ್ಮಾಡಿಯ ಕಡೆ ಘಟ್ಟದ ಬುಡದ ಮನೆಗಳಿಂದ, ನಿವೃತ್ತಿಯ ನಂತರವೂ, ದನ ನೋಡಲು ಕರೆ ಬರುತ್ತಿತ್ತು. ಬೊಳ್ಳು ಕಾರಿನ ಮುಂದಿನ ಸೀಟಿನಲ್ಲಿ ಕುಳಿತು ಹೋಗುತ್ತಿತ್ತು. ನಾನು ಜೊತೆಗೆ ಹೋದಾಗ ನನಗೆ ಹಿಂದಿನ ಸೀಟು. ಈ ಏರ್ಪಾಡಿನ ಬಗ್ಗೆ ನನ್ನ ಆಕ್ಷೇಪಣೆಯನ್ನು ದಾಖಲಿಸಿದ್ದೆ, ಅದು ತಿರಸ್ಕೃತವಾಯಿತು.

ಒಂದು ಬೇಸಗೆಯಲ್ಲಿ ಬೊಳ್ಳು ಮುಂದಿನ ಬಲಗಾಲನ್ನು ಎತ್ತಿಕೊಂಡು ಕುಂಟತೊಡಗಿತು. ಸ್ವಲ್ಪ ದಿವಸದಲ್ಲಿ ಆ ಕಾಲು ವಾಸಿಯಾಗಿ, ನೋವು ಹಿಂದಿನ ಎಡಗಾಲನ್ನು ಹಿಡಿಯಿತು. ಮುಳ್ಳು ಹೊಕ್ಕಿರಬೇಕು ಎಂದೆ.

“ಮುಳ್ಳು ಕಾಲಿಂದ ಕಾಲಿಗೆ ನಡೆಯುವುದಿಲ್ಲ ಅಕ್ಕ” ಎಂದರು. ಅವರ ಮುಖದಲ್ಲಿ ನಗುವಿರಲಿಲ್ಲ.

ರಕ್ತವನ್ನು ಮಂಗಳೂರಿಗೆ ಕಳುಹಿಸಿ ಪರೀಕ್ಷೆ ಮಾಡಿಸಿದರು. ನಮ್ಮಲ್ಲಿ ನಾಯಿಗೆ ಉಣ್ಣಿಜ್ವರ ಬರುವುದು ಎಲ್ಲರಿಗೂ ಗೊತ್ತಿದೆ. ಇದು ಸಾಮಾನ್ಯವಾಗಿ ಬರುವ ಉಣ್ಣಿಜ್ವರವಾಗಿರಲಿಲ್ಲ. ಲೈಮ್ ಎಂದು ಅದರ ಹೆಸರು. ಹೊರದೇಶಗಳಲ್ಲಿ ಹೆಚ್ಚು, ನಮ್ಮಲ್ಲಿ ಅಪರೂಪವೆಂದು ಹೇಳುತ್ತಾರೆ. “ಅಪರೂಪವೋ, ನಾವು ಹುಡುಕಲೇ ಇಲ್ಲವೋ, ನನಗೆ ಗೊತ್ತಿಲ್ಲ” ಎಂದರು ಡಾಕ್ಟ್ರು. ಉಣ್ಣಿ ಕಚ್ಚಿ ರಕ್ತ ಹೀರುವಾಗ ಒಂದು ಸೂಕ್ಷ್ಮಾಣು ಒಳಗೆ ಹೋಗುತ್ತದಂತೆ. ಬಹಳ ನಾಯಿಗಳಿಗೆ ಏನೂ ಆಗುವುದಿಲ್ಲ. ಕೆಲವಕ್ಕೆ ಕಾಲಿನ ಗಂಟುಗಳು ಊದಿ ಕುಂಟು ಬರುತ್ತದೆ, ಮಾತ್ರೆಗೆ ಬಗ್ಗುತ್ತದೆ. ತೀರಾ ಕೆಲವಕ್ಕೆ ಮೂತ್ರಪಿಂಡಕ್ಕೆ ಇಳಿಯುತ್ತದೆ.

ಒಂದು ತಿಂಗಳು ಮಾತ್ರೆ ನಡೆಯಿತು. ಕುಂಟು ಹೋಯಿತು. ಬೊಳ್ಳು ಪುನಃ ಮುಂದಿನ ಸೀಟಿಗೆ ಹಾರಿದಾಗ ನಾನೇ ಸಂತೋಷಪಟ್ಟೆ. ಮಳೆ ಹಿಡಿಯುವ ಹೊತ್ತಿಗೆ ಅದು ವಿಪರೀತ ನೀರು ಕುಡಿಯತೊಡಗಿತು. ಬಟ್ಟಲು ತುಂಬಿದಷ್ಟೂ ಖಾಲಿ. ಊಟ ಬಿಟ್ಟಿತು. ಕಾಲುಗಳು ಬಾತುಕೊಂಡವು. ಅದರ ಮೂತ್ರವನ್ನು ಗಾಜಿನ ನಳಿಕೆಯಲ್ಲಿ ಹಿಡಿದು ಕಾಯಿಸಿದಾಗ ಮೊಟ್ಟೆಯ ಬಿಳಿಯ ಹಾಗೆ ಗಟ್ಟಿಯಾದದ್ದನ್ನು ನನಗೆ ತೋರಿಸಿದರು.

“ರೋಗಾಣುವಿನ ಜೊತೆ ಹೋರಾಡ್ಲಿಕ್ಕೆ ಮೈಯೇ ತಯಾರು ಮಾಡಿದ್ದು ಉಂಟಲ್ಲ ಅಕ್ಕ, ಅದೇ ಹೋಗಿ ಮೂತ್ರಪಿಂಡದ ಜರಡಿಯಲ್ಲಿ ಸಿಕ್ಕಿಕೊಂಡಿದೆ. ಜರಡಿ ಹರಿದುಹೋಯ್ತು. ಬೇಕಾದ್ದೆಲ್ಲ ಸೋರ್ತಾ ಉಂಟು, ಬೇಡದ್ದು ಒಳಗೇ ಉಳೀತದೆ.”

“ಮದ್ದು?”

“ಮಾಡ್ತೇನೆ. ಬದುಕುವುದು ಕಷ್ಟ.”

ಅಂದಿನಿಂದ ಜಗಲಿಯ ಹೂಕುಂಡ ತೂಗುಹಾಕುವ ಕೊಕ್ಕೆಯಲ್ಲಿ ಗ್ಲುಕೋಸಿನ ಬಾಟಲಿಯಂಥದ್ದೊಂದು ತೂಗತೊಡಗಿತು. ಬೆಳಿಗ್ಗೆಯೂ ಸಂಜೆಯೂ ಅವರು ನೆಲದ ಮೇಲೆ ಕಾಲು ಚಾಚಿ ಕುಳಿತು, ನಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಹನಿ ಇಳಿಯುವುದನ್ನು ನೋಡುತ್ತಿದ್ದರು. ಇಷ್ಟು ಓದಿದವರು, ಇಷ್ಟು ಪ್ರಾಣಿಗಳನ್ನು ಎಬ್ಬಿಸಿ ನಿಲ್ಲಿಸಿದವರು, ಸುಮ್ಮನೆ ಕುಳಿತು ನೋಡುತ್ತಿದ್ದರು. ನಾನು ಗಂಜಿ ತಂದು ಕೊಟ್ಟು ಬರುತ್ತಿದ್ದೆ. ಅದಕ್ಕಿಂತ ಹೆಚ್ಚಿನದೇನೂ ನನ್ನ ಕೈಯಲ್ಲಿರಲಿಲ್ಲ.

ಬೇಡದ್ದು ಮೈಯಲ್ಲೇ ಉಳಿದಾಗ ಬಾಯೊಳಗೆ ಹುಣ್ಣಾಗುತ್ತದೆ, ಜೊಲ್ಲು ಸುರಿಯುತ್ತದೆ, ತಲೆಗೆ ಏರಿ ಸೆಳೆತವೂ ಬರುತ್ತದೆ. ಇದನ್ನು ಅವರು ನನಗೆ ಮೊದಲೇ ಹೇಳಿದ್ದರು. ಬಡಾವಣೆಗೆ ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಬೊಳ್ಳು ಗೇಟಿನ ಸಂದಿಯಿಂದ ತೂರಾಡುತ್ತ ಹೊರಬಂದು, ಶಾಲೆಯ ಬಸ್ಸಿಗೆ ಕಾಯುತ್ತಿದ್ದ ಮಕ್ಕಳ ಎದುರು ಬಿದ್ದು, ಕಾಲು ಝಾಡಿಸಿತು. ಬಾಯಿ ತುಂಬ ನೊರೆ. ಯಾರೋ “ಹುಚ್ಚುನಾಯಿ!” ಎಂದು ಕೂಗಿದರು. ಡಾಕ್ಟ್ರು ಬರಿಗಾಲಲ್ಲಿ ಓಡಿಬಂದು ಅದನ್ನು ಎತ್ತಿಕೊಂಡು ಒಳಗೆ ಹೋದರು. ಅದು ಯಾರನ್ನೂ ಕಚ್ಚಿರಲಿಲ್ಲ, ಯಾರ ಕಡೆಗೂ ಓಡಿರಲಿಲ್ಲ. ಇದನ್ನು ನಾನು ಕಿಟಕಿಯಿಂದ ಕಣ್ಣಾರೆ ನೋಡಿದ್ದೇನೆ.

ಅದೇ ಸಂಜೆ ಸಂಘದ ತುರ್ತು ಸಭೆ. ಊರಿನಲ್ಲಿ ಎರಡು ಹೋಟೆಲು ನಡೆಸುವ ಅಧ್ಯಕ್ಷರು ಮಧ್ಯದ ಕುರ್ಚಿಯಲ್ಲಿ, ಕಾಲೇಜಿನಲ್ಲಿ ಪಾಠ ಹೇಳುವ ಕಾರ್ಯದರ್ಶಿಗಳು ಪಕ್ಕದಲ್ಲಿ. ಡಾಕ್ಟ್ರಿಗೆ ಕುರ್ಚಿ ಇರಲಿಲ್ಲ. ನನ್ನದನ್ನು ಕೊಟ್ಟೆ. ಅವರು ಕುಳಿತುಕೊಳ್ಳಲಿಲ್ಲ. ಉಣ್ಣಿಯಿಂದ ಹಿಡಿದು ಮೂತ್ರಪಿಂಡದವರೆಗೆ ಎಲ್ಲವನ್ನೂ ನಿಧಾನವಾಗಿ ವಿವರಿಸಿದರು, ಮಂಗಳೂರಿನ ಪರೀಕ್ಷೆಯ ಫಲಿತಾಂಶ ತೋರಿಸಿದರು.

“ಅದೆಲ್ಲ ಸರಿ ಡಾಕ್ಟ್ರಮ್ಮ” ಎಂದರು ಅಧ್ಯಕ್ಷರು. “ಇದಕ್ಕೆ ರೇಬಿಸ್ ಇಲ್ಲವೇ ಇಲ್ಲ ಅಂತ ಖಂಡಿತ ಹೇಳ್ತೀರಾ?”

ಹೌದು ಎಂಬ ಒಂದು ಮಾತು ಸಾಕಿತ್ತು.

“ಇಲ್ಲ ಅಂತ ನನ್ನ ಅಭಿಪ್ರಾಯ. ಚುಚ್ಚುಮದ್ದು ಎಲ್ಲ ಆಗಿದೆ. ಆದ್ರೆ ಬದುಕಿರುವ ನಾಯಿಯನ್ನು ನೋಡಿ ಖಂಡಿತ ಅಂತ ಯಾರಿಗೂ ಹೇಳ್ಲಿಕ್ಕಾಗುವುದಿಲ್ಲ. ಗೇಟು ಭದ್ರ ಮಾಡ್ತೇನೆ, ಕಟ್ಟಿ ಹಾಕ್ತೇನೆ. ಹತ್ತು ದಿವಸ ನೋಡುವ.”

“ನೋಡಿದ್ರಾ!” ಎಂದು ಕಾರ್ಯದರ್ಶಿಗಳು ಸಭೆಯ ಕಡೆ ತಿರುಗಿದರು. “ಅವರೇ ಒಪ್ಪಿದ್ರಲ್ಲ!”

“ಒಪ್ಪಿದ್ದು ಎಂತ?” ಎಂದು ನಾನು ಎದ್ದೆ. “ಖಂಡಿತ ಇಲ್ಲ ಅನ್ನಲಿಕ್ಕಾಗುವುದಿಲ್ಲ ಅಂದ್ರೆ ಉಂಟು ಅಂತ ಅರ್ಥವಾ?” ಅಧ್ಯಕ್ಷರ ಕಡೆ ತಿರುಗಿದೆ. “ನಿಮ್ಮ ಹೋಟೆಲಿನ ಸಾಂಬಾರಿನಲ್ಲಿ ಜಿರಲೆ ಇಲ್ಲ ಅಂತ ಖಂಡಿತ ಹೇಳ್ತೀರಾ ನೀವು?”

“ಶಿರಸ್ತೇದಾರಮ್ಮ, ಇದು ಕೋರ್ಟಲ್ಲ” ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಯಾರು ಯಾರು ನಕ್ಕರೆಂಬುದು ನನಗೆ ನೆನಪಿದೆ.

ಡಾಕ್ಟ್ರನ್ನು ಬಾಗಿಲ ಹತ್ತಿರಕ್ಕೆ ಕರೆದೆ. ಹುಚ್ಚುನಾಯಿ ನೀರು ಕಂಡರೆ ಹೆದರುತ್ತದೆಂದು ಇಡೀ ಊರು ನಂಬುತ್ತದೆ. ಬೊಳ್ಳು ದಿನವಿಡೀ ನೀರು ಕುಡಿಯುತ್ತದೆ. “ಎಲ್ಲರನ್ನೂ ಗೇಟಿನ ಹತ್ತಿರ ಕರೆದು ಒಂದು ಬಟ್ಟಲು ನೀರು ಇಡಿ ಡಾಕ್ಟ್ರೇ, ಅಲ್ಲಿಗೆ ಮುಗೀತು” ಎಂದೆ.

ಅವರು ನನ್ನ ಕೈ ಹಿಡಿದುಕೊಂಡರು.

“ಅದು ಸತ್ಯ ಅಲ್ಲ ಅಕ್ಕ. ಹುಚ್ಚು ಹಿಡಿದ ನಾಯಿಯೂ ನೀರು ಕುಡೀಲಿಕ್ಕೆ ಹೋಗ್ತದೆ. ಇವತ್ತು ನಾನು ಹೀಗೆ ಗೆದ್ರೆ, ನಾಳೆ ನಿಜವಾದ ಹುಚ್ಚುನಾಯಿ ಬಂದು ನೀರು ಕುಡಿದಾಗ, ಡಾಕ್ಟ್ರಮ್ಮ ಹೇಳಿದ್ದಾರೆ ಅಂತ ಇವರು ಮಕ್ಕಳನ್ನು ಅದರ ಹತ್ತಿರ ಬಿಡ್ತಾರೆ.”

ಈ ಹೆಂಗಸನ್ನು ಗೆಲ್ಲಿಸಲು ಸಾಧ್ಯವಿಲ್ಲವೆಂದು ಆಗಲೇ ಗೊತ್ತಾಯಿತು.

ಕಟ್ಟಿಹಾಕಿ ನೋಡುವುದೆಂದು ಸಭೆ ಒಪ್ಪಿತು. ಒಪ್ಪಿತೆಂದು ನಾವಿಬ್ಬರೂ ನಂಬಿದೆವು. ಗೇಟಿನ ಸಂದಿಗೆ ಅಂದೇ ಹಲಗೆ ಬಡಿಸಿದರು. ಆ ವಾರದಲ್ಲಿ ನನಗೆ ಪಿಂಚಣಿಯ ಕೆಲಸಕ್ಕಾಗಿ ಬಂಟ್ವಾಳಕ್ಕೆ ಹೋಗಬೇಕಾಗಿತ್ತು. ಮೆಲ್ಕಾರ್ ಸಮೀಪದ ಮನೆಯೊಂದರಲ್ಲಿ ಮೇಲೇಳಲಾರದೆ ಬಿದ್ದ ಹಸುವನ್ನು ನೋಡಲು ಅವರಿಗೆ ಕರೆ ಬಂದಿತ್ತು. ಬೆಳಗಿನ ಬಾಟಲಿ ಇಳಿಸಿ ಮುಗಿಸಿ, ಸಂಜೆಯ ಬಾಟಲಿಯ ಹೊತ್ತಿಗೆ ಬಂದುಬಿಡುವ ಎಂದು ಒಟ್ಟಿಗೆ ಹೊರಟೆವು. ಮುಂದಿನ ಸೀಟು ಖಾಲಿಯಿದ್ದರೂ ನಾನು ಹಿಂದೆಯೇ ಕುಳಿತೆ.

ಮರಳಿ ಬಂದಾಗ ಗೇಟು ಹಾಕಿತ್ತು. ಜಗಲಿಯಲ್ಲಿ ಸರಪಳಿ ಇತ್ತು, ನಾಯಿ ಇರಲಿಲ್ಲ.

ನೇರವಾಗಿ ಅಧ್ಯಕ್ಷರ ಮನೆಗೆ ನಡೆದೆವು. ಅವರು ಸಿಟೌಟಿನಲ್ಲಿ ಪೇಪರು ಓದುತ್ತಿದ್ದರು. ಇವರನ್ನು ಕಂಡು ಎದ್ದು ನಿಂತು, ತುಂಬ ಗೌರವದಿಂದ ಕುಳಿತುಕೊಳ್ಳಲು ಹೇಳಿದರು.

“ನಾವು ಕೊಲ್ಲಲಿಲ್ಲ ಡಾಕ್ಟ್ರಮ್ಮ, ದೇವರಾಣೆ. ದಾಟಿಸಿದ್ದು ಅಷ್ಟೇ. ಪಾಪ ಯಾಕೆ ಕಟ್ಟಿಕೊಳ್ಳುವುದು?”

ದಾಟಿಸುವುದು ಎಂದರೇನೆಂದು ಈ ಕಡೆಯವರಿಗೆ ವಿವರಿಸಬೇಕಿಲ್ಲ. ಬೇಡದ ಬೆಕ್ಕಿನ ಮರಿಯನ್ನೋ ನಾಯಿಯನ್ನೋ ಚೀಲದಲ್ಲಿ ಕಟ್ಟಿ, ದಾರಿಯ ಗುರುತು ಸಿಗದಿರಲೆಂದು ಹೊಳೆ ದಾಟಿಸಿ, ಮೀನುಮಾರ್ಕೆಟ್ಟಿನ ಬಳಿ ಬಿಟ್ಟು ಬರುವುದು. ಅಲ್ಲಿ ತಿನ್ನಲು ಏನಾದರೂ ಸಿಗುತ್ತದೆ, ಕೊಂದ ಪಾಪ ನಮಗಿಲ್ಲ ಎಂಬ ಲೆಕ್ಕಾಚಾರ. ಕೈ ತೊಳೆದುಕೊಂಡು ಊಟಕ್ಕೆ ಕುಳಿತುಕೊಳ್ಳಬಹುದು.

“ಎಲ್ಲಿ?” ಎಂದು ಮಾತ್ರ ಡಾಕ್ಟ್ರು ಕೇಳಿದರು.

“ಮೂಡುಬಿದಿರೆ ಕಡೆ. ಪಿಕಪ್ಪಿನವ ಆ ಕಡೆ ಹೋಗುವವನಿದ್ದ.”

ಅವರು ಬಯ್ಯಲಿಲ್ಲ, ಅಳಲಿಲ್ಲ. ತಮ್ಮ ಮನೆಗೆ ಹೋಗಿ ಸಂಜೆಯ ಬಾಟಲಿಯನ್ನೂ ಸೂಜಿಯನ್ನೂ ಬ್ಯಾಗಿಗೆ ಹಾಕಿಕೊಂಡು ಬಂದರು. ವೇಣೂರಿನ ದಾರಿಯಲ್ಲಿ ಒಂದೇ ಒಂದು ಮಾತಾಡಿದರು: “ಬಾಯಾರಿಕೆ ಆಗ್ತಾ ಇರ್ತದೆ ಅಕ್ಕ ಅದಕ್ಕೆ. ಕುಡಿದಷ್ಟೂ ಆಗ್ತದೆ.”

ಮಾರ್ಕೆಟ್ಟಿನಲ್ಲಿ ಮೀನಿನವರು ಗಂಟು ಕಟ್ಟುವ ಹೊತ್ತು. ಬಾಗಿಲ ಬಳಿ ಕುಳಿತಿದ್ದ ಒಬ್ಬ ಹೆಂಗಸು ಬಿಳಿ ನಾಯಿಯನ್ನು ನೋಡಿದ್ದಳು.

“ಬಂದಿತ್ತು ಅಮ್ಮ, ಮಧ್ಯಾಹ್ನ. ಐಸಿನ ಪೆಟ್ಟಿಗೆಯಿಂದ ಇಳಿದ ನೀರನ್ನು ನೆಕ್ಕಿ ನೆಕ್ಕಿ ಕುಡೀತಿತ್ತು. ಪಾಪ ಅಂತ ಒಂದು ಬಂಗುಡೆ ಹಾಕಿದೆ, ಮೂಸಿಯೂ ನೋಡ್ಲಿಲ್ಲ. ಬಂಗುಡೆ ಬೇಡ ಅನ್ನುವ ನಾಯಿ ನಾನು ಇದೇ ಮೊದಲು ನೋಡಿದ್ದು! ಮತ್ತೆ ಎದ್ದು ಆಚೆ ಎಲ್ಲೋ ಹೋಯ್ತು.”

ಡಾಕ್ಟ್ರು ಅವಳಿಗೆ ಕೈ ಮುಗಿದರು. ಆಮೇಲೆ, ಅಲ್ಲಿದ್ದ ಎಲ್ಲರಿಗೂ ಕೇಳುವಂತೆ, ಆ ನಾಯಿ ಯಾರಿಗಾದರೂ ಕಚ್ಚಿದರೆ, ಜೊಲ್ಲು ಗಾಯಕ್ಕೆ ತಾಗಿದರೆ, ಸೋಪು ಹಾಕಿ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕು ಎಂದರು.

“ಹುಚ್ಚುಂಟಾ ಅದಕ್ಕೆ?”

“ಇಲ್ಲ ಅಂತ ನನಗೆ ಅನ್ನಿಸ್ತದೆ. ಖಂಡಿತ ಹೇಳ್ಲಿಕ್ಕಾಗುವುದಿಲ್ಲ.”

“ನಿಮ್ಮದೇ ನಾಯಿಯ ಮೇಲೆ ನೀವೇ ಹೀಗೆ ಹೇಳ್ತೀರಲ್ಲ ಅಮ್ಮ!”

ನಾನು ಅವರ ಸೆರಗು ಹಿಡಿದು ಎಳೆದೆ. “ಹೀಗೆ ಹೇಳಿದ್ರೆ ಕಂಡಲ್ಲಿ ಕಲ್ಲು ಹೊಡೆದು ಕೊಲ್ತಾರೆ ಡಾಕ್ಟ್ರೇ.”

“ಗೊತ್ತುಂಟು” ಎಂದರು.

ಬಸ್‌ಸ್ಟ್ಯಾಂಡಿನ ರಿಕ್ಷಾದವರಿಗೂ ಅದನ್ನೇ ಹೇಳಿದರು. ಹತ್ತಿರದ ಶಾಲೆಯ ಕಾವಲುಗಾರನಿಗೂ ಹೇಳಿದರು. ಒಂದು ಕಡೆ ನಾಯಿಯನ್ನು ಹೆಸರು ಹಿಡಿದು ಕರೆಯುತ್ತ, ಇನ್ನೊಂದು ಕಡೆ ಅದರಿಂದ ದೂರವಿರಲು ಜನರನ್ನು ಎಚ್ಚರಿಸುತ್ತ, ಕತ್ತಲಾಗುವವರೆಗೂ ನಡೆದರು. ಬೊಳ್ಳು ಸಿಗಲಿಲ್ಲ. ಮರುದಿನವೂ ಸಿಗಲಿಲ್ಲ. ಸಲೈನು ಇಲ್ಲದೆ ಅದು ಎಷ್ಟು ದಿವಸ ಬದುಕಬಲ್ಲದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆ ಅವಧಿ ಕಳೆದ ಮೇಲೂ ಅವರು ಮೂಡುಬಿದಿರೆಗೆ ಹೋಗುತ್ತಿದ್ದರು. ಕಾನೂನಿನ ಕ್ರಮ ಕೈಗೊಳ್ಳುವ ಎಂದಾಗ, “ನಾಯಿ ಬರ್ತದಾ ಅದರಿಂದ?” ಎಂದು ಕೇಳಿದರು.

ಅದಾದ ಮೇಲೂ ಅಧ್ಯಕ್ಷರ ಪೊಮೆರೇನಿಯನ್ನಿಗೆ ಕಿವಿನೋವು ಬಂದಾಗ ಹೋಗಿ ಮದ್ದು ಹಾಕಿ ಬಂದರು. ಅಂಗೈ ಉಜ್ಜಿ, ಮುಂಗೈ ಹಿಡಿದು, ಅದು ಒಪ್ಪುವವರೆಗೆ ಕಾದರಂತೆ. ನಾನು ಒಂದು ವಾರ ಅವರೊಡನೆ ಮಾತುಬಿಟ್ಟೆ. ಅವರಿಗೆ ಅದು ಗೊತ್ತಾಯಿತೋ ಇಲ್ಲವೋ. ಈ ವರ್ಷ ಹೃದಯಾಘಾತವಾಗಿ, ಆಸ್ಪತ್ರೆ ತಲುಪುವ ಮೊದಲೇ, ತೀರಿಕೊಂಡರು.

ಈಗ ಸಂಘದ ಅಧ್ಯಕ್ಷರನ್ನೂ ಕಾರ್ಯದರ್ಶಿಗಳನ್ನೂ, ಅಂದು ಪಿಕಪ್ಪಿಗೆ ಗೋಣಿಯನ್ನು ಎತ್ತಿಕೊಟ್ಟವರನ್ನೂ ನಾನು ಕೇಳುತ್ತಿದ್ದೇನೆ. ಬೊಳ್ಳುವಿಗೆ ಹುಚ್ಚು ಇಲ್ಲವೆಂದು ನಿಮಗೆ ಗೊತ್ತಿದ್ದರೆ, ಸಾಯಲಿದ್ದ ಜೀವವನ್ನು ಆ ತೊಡೆಯ ಮೇಲಿನಿಂದ ಕಿತ್ತೊಯ್ಯಲು ನಿಮಗಿದ್ದ ಕಾರಣ ಯಾವುದು? ಅಥವಾ, ನಮ್ಮ ಮಕ್ಕಳನ್ನು ಕಾಪಾಡಲು ಹೀಗೆ ಮಾಡಿದೆವೆಂದು ನೀವು ಇಂದಿಗೂ ಹೇಳುವಂತೆ, ಅದಕ್ಕೆ ಹುಚ್ಚು ಹಿಡಿದಿದೆಯೆಂದು ನಿಜವಾಗಿ ನಂಬಿದ್ದಿರಾದರೆ, ಅದನ್ನು ಮೂಡುಬಿದಿರೆಯ ಮಕ್ಕಳ ನಡುವೆ, ಯಾರಿಗೂ ಒಂದು ಮಾತು ಹೇಳದೆ, ಹೇಗೆ ಬಿಟ್ಟು ಬಂದಿರಿ?